ಸೋಪಿಗೆ ಬಿಡುವ ಕೊಳೆ

ಗೋಡೆಯ ಮೇಲೆ ನನ್ನ ಕೈ ಇತ್ತು. ಎಡಗೈ. ಐದೂ ಬೆರಳು, ಅಂಗೈ, ಕಲ್ಲು ಬಿದ್ದು ಸೊಟ್ಟಗಾದ ಕಿರುಬೆರಳು ಸಮೇತ ಬೂದಿ ಬಣ್ಣದಲ್ಲಿ ಅಚ್ಚೊತ್ತಿದ ಹಾಗೆ ಮೂಡಿತ್ತು. ಅದರ ಸುತ್ತ ಯಾರೋ ಪೆನ್ಸಿಲ್ಲಿನಿಂದ ದುಂಡಗೆ ಗೆರೆ ಎಳೆದು, ಪಕ್ಕದಲ್ಲಿ ಇಂಗ್ಲಿಷಿನ ಒಂದು ಶಬ್ದ ಬರೆದಿದ್ದರು.

ನಮ್ಮ ಕಡೆ ಗೋಡೆಯ ಮೇಲೆ ಕೈ ಮೂಡಿತೆಂದರೆ ಹಬ್ಬ ಬಂತು ಎಂದು ಅರ್ಥ. ನಮ್ಮವ್ವ ಸುಣ್ಣದ ನೀರಿನಲ್ಲಿ ನನ್ನ ಕೈ ಅದ್ದಿ ಮಣ್ಣಿನ ಗೋಡೆಗೆ ಒತ್ತಿಸುತ್ತಿದ್ದಳು. ವರ್ಷ ಪೂರ್ತಿ ಆ ಕೈ ಅಲ್ಲಿಯೇ ಇರುತ್ತಿತ್ತು, ನಾನು ಬೆಳೆದರೂ ಅದು ಸಣ್ಣದಾಗಿಯೇ ಉಳಿಯುತ್ತಿತ್ತು. ಹೈದರಾಬಾದಿಗೆ ಬಂದ ಮೇಲೆ ತಿಳಿಯಿತು, ಇಲ್ಲಿ ಗೋಡೆಯ ಮೇಲೆ ಕೈ ಮೂಡಿದರೆ ಅದು ದೋಷ. ಹೊಸ ಫ್ಲ್ಯಾಟಿನ ಕೀಲಿಕೈ ತೆಗೆದುಕೊಳ್ಳುವ ಮೊದಲು ಮನೆಯವರು ಒಂದು ಸಲ ಬಂದು ಎಲ್ಲ ಕೋಣೆ ತಿರುಗಿ, ಎಲ್ಲೆಲ್ಲಿ ಹುಳುಕಿದೆಯೋ ಅಲ್ಲೆಲ್ಲ ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತಾರೆ. ಬಿರುಕಿಗೊಂದು ಸುತ್ತು, ಸೊಟ್ಟ ಸ್ವಿಚ್ಚಿಗೊಂದು ಸುತ್ತು. ಆ ದಿನ ನನ್ನ ಕೈಗೊಂದು ಸುತ್ತು.

ಆ ಕಾಲದಲ್ಲಿ ನನ್ನ ಸೈಟಿದ್ದ ಮಿಯಾಪುರಕ್ಕೆ ಮೆಟ್ರೋ ಬಂದಿರಲಿಲ್ಲ. ಆದರೆ ಕಂಪ್ಯೂಟರಿನ ಕಂಪನಿಗಳು ಬಂದಿದ್ದವು, ಅವುಗಳ ಹಿಂದೆ ಅಪಾರ್ಟ್‌ಮೆಂಟುಗಳು ಬಂದಿದ್ದವು, ಅವುಗಳ ಹಿಂದೆ ನಾವು. ನಾನು ಚಿತ್ತಾಪುರ ಕಡೆಯ ಕಲ್ಲಿನ ಗಣಿಯ ಸೀಮೆಯವನು. ಐದನೆಯ ಇಯತ್ತೆಗೆ ಪಾಟಿ ಕೆಳಗಿಟ್ಟು ಕಲ್ಲು ಹಿಡಿದವನು. ಇಲ್ಲಿ ಬಂದು ನೆಲದ ಪಾಲಿಶ್ ಕಲಿತೆ. ನೀರು ಹೊಡೆಯುತ್ತ ಮಷೀನು ತಿರುಗಿಸಿದಂತೆ ಕಲ್ಲು ಅರೆದು ಮೊಸರಿನ ಹಾಗೆ ರಾಡಿ ಏಳುತ್ತದೆ. ಆ ರಾಡಿಯಲ್ಲಿಯೇ ನಿಂತು, ಕುಳಿತು, ಮೂಲೆ ಬಂದಾಗ ಮೊಣಕಾಲೂರಿ ಕೈಯಿಂದಲೇ ತಿಕ್ಕಬೇಕು. ಮೊಣಕಾಲಿನ ಮೇಲಿಂದ ಏಳುವಾಗ ಗೋಡೆಗೆ ಕೈ ಕೊಟ್ಟಿದ್ದೆ. ಅಷ್ಟೇ ಆಗಿದ್ದು.

ಸೈಟಿನ ಇಂಜಿನಿಯರ್ ತೆಲುಗಿನವ, ನನಗಿಂತ ಬಹಳ ಚಿಕ್ಕವ. ನನ್ನ ಜೊತೆ ಇಲ್ಲಿಯ ಹಿಂದಿಯಲ್ಲಿ ಮಾತಾಡುತ್ತಿದ್ದ.

"ಕಿಸ್ಕಾ ಹಾತ್ ಹೈ ಯೆ?" ಇದು ಯಾರ ಕೈ ಎಂದ.

"ಮೇರಾಚ್ ಹೈ ಸಾಬ್," ಎಂದೆ. ನನ್ನದೇ. ಸುಳ್ಳು ಹೇಳುವುದಕ್ಕೂ ಆ ಕಿರುಬೆರಳು ಬಿಡುತ್ತಿರಲಿಲ್ಲ. "ಬಾಜೂ ಮೇ ಕ್ಯಾ ಲಿಖೇ?" ಪಕ್ಕದಲ್ಲಿ ಏನು ಬರೆದಿದ್ದಾರೆ ಎಂದು ಕೇಳಿದೆ.

"ಗ್ರಬ್ಬಿ. ಗಂದಾ, ಗಂದಾ."

"ಗಂದಾ ಬೋಲೇ ತೋ ಡರ್ಟಿ ನಾ ಸಾಬ್? ವೋ ಮಾಲೂಮ್ ಮೇರೇಕು. ಯೇ ಅಲಗ್ ಕೈಕು ಲಿಖೇ?" ಗಲೀಜು ಎಂದರೆ ಡರ್ಟಿ ಎಂಬುದು ನನಗೂ ಗೊತ್ತು, ಇದೇಕೆ ಬೇರೆ ಬರೆದಿದ್ದಾರೆ ಎಂದು ಕೇಳಿದೆ.

"ಅರೇ ಭಾಯ್, ಪೆಹಲೇ ಪೋಂಛ್. ಪಢಾಯಿ ಬಾದ್ ಮೇ."

ಮೊದಲು ಒರೆಸು, ಓದು ಆಮೇಲೆ ಎಂದ. ಸುತ್ತ ನಿಂತಿದ್ದವರು ನಕ್ಕರು. ಹಸಿ ಬಟ್ಟೆಯಿಂದ ಒರೆಸಿದೆ. ಕೈ ಅಳಿಯಲಿಲ್ಲ, ಹರಡಿತು. ಕಡೆಗೆ ಪೇಂಟರ್ ಬಂದು, ನನ್ನ ಹಿಂದಿನ ಮುಂದಿನವರನ್ನೆಲ್ಲ ನೆನೆದು, ಅದರ ಮೇಲೆ ಬಣ್ಣ ಬಳಿದ. ಆದರೆ ಆ ಶಬ್ದ ನನ್ನ ತಲೆಯೊಳಗಿಂದ ಹೋಗಲಿಲ್ಲ. ಈ ಊರಿನಲ್ಲಿ ಯಾರೂ ನನಗೆ ಬೈದಿರಲಿಲ್ಲವೆಂದಲ್ಲ. ಬೈದರೆ ಅರ್ಥವಾಗುತ್ತಿತ್ತು, ತಿರುಗಿ ಅನ್ನಬಹುದಿತ್ತು. ಅರ್ಥ ಗೊತ್ತಿಲ್ಲದ ಶಬ್ದಕ್ಕೆ ಮುಖ ಯಾವ ಕಡೆ ತಿರುಗಿಸಬೇಕು ಎಂಬುದೇ ತಿಳಿಯುವುದಿಲ್ಲ.

ನಾವು ಆಗ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ತಗಡಿನ ಷೆಡ್ಡಿನಲ್ಲಿದ್ದೆವು. ಇಲ್ಲಿಯವರು ಅದಕ್ಕೆ ರೇಕುಲ ಷೆಡ್ಡು ಅನ್ನುತ್ತಾರೆ. ಊರಿನಿಂದ ಬರುವ ರೈಲು ಅಲ್ಲಿಯೇ ನಿಲ್ಲುವುದರಿಂದ ನಮ್ಮ ಸೀಮೆಯವರೆಲ್ಲ ಇಳಿದ ಜಾಗದಲ್ಲಿಯೇ ಬೇರು ಬಿಟ್ಟಿದ್ದರು. ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ, ತಗಡಿನ ಕೆಳಗೆ ಬಂದ ಮೇಲೆ ಕನ್ನಡ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಪಕ್ಕದವರು ಮೊದಮೊದಲು ಜಗಳವೆಂದು ತಿಳಿದು ಇಣುಕುತ್ತಿದ್ದರು. ನನ್ನ ಮಗಳು ಮಾದೇವಿ ಏಳನೆಯ ತರಗತಿ, ಇಂಗ್ಲಿಷ್ ಶಾಲೆ. ಅವಳನ್ನು ಆ ಶಾಲೆಗೆ ಹಾಕುವುದಕ್ಕಾಗಿಯೇ ನಾನು ಊರು ಬಿಟ್ಟಿದ್ದು. ಕೂಲಿ ಊರಿನಲ್ಲಿಯೂ ಇತ್ತು. ಆದರೆ ಅಲ್ಲಿ ಅವಳು ಯಾವ ಅಂಗಳದ ಅಂಚಿನಲ್ಲಿ ನಿಲ್ಲಬೇಕು, ಯಾವ ಕಟ್ಟೆಯ ಕೆಳಗೆ ಕೂಡಬೇಕು ಎಂಬುದನ್ನು ಹುಟ್ಟುವ ಮೊದಲೇ ಗೊತ್ತು ಮಾಡಿಟ್ಟಿದ್ದರು. ಅವಳು ಯಾವ ಮನೆಯ ಹೊಸ್ತಿಲಲ್ಲಿಯೂ ಹಿಂಜರಿಯಬಾರದು ಎಂಬುದೊಂದೇ ನನ್ನ ಆಸೆಯಾಗಿತ್ತು.

ಅವಳಿಗೆ ಶಬ್ದ ಹೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಮರುದಿನ ಟೀಚರನ್ನು ಕೇಳಿಕೊಂಡು ಬಂದು ಬಾಗಿಲಲ್ಲಿಯೇ ಶುರು ಮಾಡಿದಳು.

"ಅಪ್ಪಾ, ಹೊಲಸು ಅಂದ್ರ ಮೂಗು ಮುಚ್ಚಿಕೊಳ್ಳೂದು. ಇದು ಹಂಗಲ್ಲಂತ. ಕೈಲೆ ಮುಟ್ಟಿ ಮುಟ್ಟಿ, ಆಡಿ, ದುಡುದು ಆಗೂ ಕೊಳಿ. ತೊಳೀಲಿಲ್ಲಂದ್ರ ಗ್ರಬ್ಬಿ. ಸೋಪ್ ಹಚ್ಚಿದ್ರ ಬಿಡ್ತೈತಿ."

"ಮತ್ತ?"

"ಪರೀಕ್ಷಾದಾಗ ಬರೀಬ್ಯಾಡ್ರಿ ಅಂದ್ರು. ಮಾತಿನಾಗ ಅಷ್ಟ ಅಂತಾರಂತ. ಮಣ್ಣಾಗ ಆಡಿ ಬಂದ ಕೂಸಿಗೂ ಅಂತಾರಂತ, ಪ್ರೀತಿಲೆ."

ಒಲೆಯ ಮುಂದೆ ಕುಳಿತಿದ್ದ ನನ್ನ ಹೆಂಡತಿ ಈರವ್ವ ತಿರುಗಿ ನೋಡಿದಳು. "ಹೌದಾ? ಹಂಗಾರ ಆ ಮನಿಯವರು ನಿಮ್ಮಪ್ಪನ ಮ್ಯಾಲೆ ಪ್ರೀತಿ ಉಕ್ಕಿ ಗೋಡಿ ಮ್ಯಾಲೆ ಬರದಾರೇನು?"

ಮಾದೇವಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಗಂಭೀರವಾಗಿ, "ಇನ್ನೊಂದು ಐತಪ್ಪಾ. ಕೆಟ್ಟ ವ್ಯವಹಾರಕ್ಕೂ ಅಂತಾರಂತ. ಲಂಚ ಗಿಂಚ ತಿನ್ನವರಿಗೆ," ಎಂದಳು.

"ಅದು ನನಗ ಸಂಬಂಧಿಲ್ಲ," ಎಂದೆ. ದನಿ ಸ್ವಲ್ಪ ಜೋರಾಯಿತು.

"ಕೊಳಿಗೆ ಹೆಸರು ಹುಡುಕಿ ಏನ್ ಮಾಡ್ತೀರಿ?" ಈರವ್ವ ಅಂದಳು. "ಒಗಿಯಾಕಿ ನಾನು. ನನ್ನ ಕೇಳ್ರಿ, ಯಾವುದು ಬಿಡ್ತೈತಿ, ಯಾವುದು ಬಿಡೂದಿಲ್ಲ ಅಂತ."

ಆದರೂ ನನಗೆ ಸಮಾಧಾನವಾಗಲಿಲ್ಲ. ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಅಬಿಡ್ಸಿಗೆ ಹೋದೆ. ಭಾನುವಾರ ಅಲ್ಲಿ ಅಂಗಡಿಗಳ ಕದ ಮುಚ್ಚಿರುತ್ತವೆ, ಅವುಗಳ ಮುಂದಿನ ಕಾಲುದಾರಿಯ ಮೇಲೆ ಹಳೆಯ ಪುಸ್ತಕದ ಸಂತೆ ನೆರೆಯುತ್ತದೆ. ಇಂಗ್ಲಿಷ್ ಕನ್ನಡ ನಿಘಂಟು ಇದೆಯೇ ಎಂದು ಕೇಳಿದರೆ ಮುದುಕನೊಬ್ಬ, "ಕನ್ನಡ ಇಧರ್ ಕಾಂ ಮಿಲ್ತಾ ಮಿಯಾಂ? ತೆಲುಗು ಹೈ, ಉರ್ದೂ ಹೈ. ನಕ್ಕೋ ತೋ ಆಗೇ ದೇಖೋ," ಎಂದ. ಕನ್ನಡದ್ದು ಇಲ್ಲೆಲ್ಲಿ ಸಿಗುತ್ತದೆ, ಬೇಡವಾದರೆ ಮುಂದೆ ನೋಡು ಎಂದು. ನಕ್ಕೋ ಎಂದರೆ ಬೇಡ. ಈ ಊರಿನಲ್ಲಿ ನಾನು ಮೊದಲು ಕಲಿತ ಶಬ್ದ ಅದು, ನನಗೆ ಹೆಚ್ಚು ಸಲ ಹೇಳಿದ್ದೂ ಅದೇ. ಕಡೆಗೆ ರಟ್ಟು ಕಿತ್ತ, ಅಂಚೆಲ್ಲ ಬೆರಳಿನ ಜಿಡ್ಡು ಹತ್ತಿ ಕಂದಾದ, ಬರೀ ಇಂಗ್ಲಿಷಿನ ದಪ್ಪ ನಿಘಂಟೊಂದು ಸಿಕ್ಕಿತು. ಬಸ್ಸಿನಲ್ಲಿ ಮಾದೇವಿ ಹಾಳೆ ತಿರುವುತ್ತ, "ಅಪ್ಪಾ, ಬ್ಯಾರೆ ಉದಾಹರಣಿ ಯಾಕ ಬೇಕು? ಈ ಪುಸ್ತಕಾನ ಗ್ರಬ್ಬಿ ಐತಿ ನೋಡು," ಎಂದಳು. ಟೀಚರ್ ಹೇಳಿದ್ದೆಲ್ಲ ಅದರಲ್ಲಿಯೂ ಇತ್ತು. ಬಹಳ ಜನ ಮುಟ್ಟಿದ್ದರಿಂದ ಆದ ಕೊಳೆ.

ನಿಮಗೆ ನಗು ಬರಬಹುದು, ಆದರೆ ಅಂದು ಆ ಶಬ್ದ ನನಗೆ ಹಿಡಿಸಿಬಿಟ್ಟಿತು. ಯಾಕೆಂದು ಹೇಳುತ್ತೇನೆ. ನಮ್ಮೂರಿನಲ್ಲಿ ಕೊಳೆಗೆ ಬಹಳ ಹೆಸರು. ಕಾಲಿಗೆ ಹತ್ತಿದರೆ ರಾಡಿ, ಅಂಗಳದಲ್ಲಿದ್ದರೆ ಕಸ, ಮೂಗಿಗೆ ಬಡಿದರೆ ಹೊಲಸು. ಇವೆಲ್ಲ ನೀರಿಗೆ ಹೆದರುತ್ತವೆ. ಮತ್ತೊಂದಿದೆ, ಮೈಲಿಗೆ. ಅದು ಕಣ್ಣಿಗೆ ಕಾಣುವುದಿಲ್ಲ. ನಾನು ಕಾಗಿಣಾ ಹೊಳೆಯಲ್ಲಿ ಮೂರು ಸಲ ಮುಳುಗಿ, ತಲೆ ಬಾಚಿ, ಒಗೆದ ಅಂಗಿ ತೊಟ್ಟು ಹೋದರೂ ಹೋಟೆಲಿನವ ನನ್ನ ಚಹಾದ ಕಪ್ಪನ್ನು ಹೊರಗಿನ ಗೂಡಿನಿಂದಲೇ ತೆಗೆಯುತ್ತಿದ್ದ. ಕುಡಿದ ಮೇಲೆ ತೊಳೆದು ನಾನೇ ಅಲ್ಲಿ ಇಡಬೇಕು. ಆ ಕೊಳೆ ನನ್ನ ಮೈಮೇಲೆ ಇರಲಿಲ್ಲ, ನಾನು ಹುಟ್ಟಿದ ಓಣಿಯಲ್ಲಿತ್ತು. ಅಂಥವನಿಗೆ ಯಾರೋ ಒಬ್ಬರು, ನಿನ್ನ ಕೈ ಕೆಲಸದಿಂದ ಕೊಳೆಯಾಗಿದೆ, ಸೋಪು ಹಚ್ಚು, ಬಿಡುತ್ತದೆ ಎಂದರೆ ಅದು ಬೈಗುಳವೇ? ಇಷ್ಟೇ ಆದರೆ ಇದು ನನ್ನ ಊರೇ ಎಂದುಕೊಂಡೆ. ಇಲ್ಲಿಯ ಚಹಾದಂಗಡಿಯಲ್ಲಿ ಎಲ್ಲರ ಎಂಜಲು ಕಪ್ಪುಗಳೂ ಒಂದೇ ಬಾನಿಯಲ್ಲಿ ಮುಳುಗಿ ಏಳುವುದನ್ನು ನೋಡುತ್ತ ನಾನು ಎಷ್ಟೋ ಸಲ ಸುಮ್ಮನೆ ನಿಂತಿದ್ದೇನೆ.

ಆ ಶಬ್ದ ಬರೆದವರನ್ನು ನೋಡಿದ್ದು ಮುಂದಿನ ವಾರ. ಅದೇ ಫ್ಲ್ಯಾಟಿನ ಹಾಲಿಗೆ ಕಡೆಯ ಪಾಲಿಶ್ ಮಾಡುತ್ತಿದ್ದೆ. ಹೊರಗೆ ಒಬ್ಬ ಹೆಂಗಸು ಮೊಬೈಲಿನಲ್ಲಿ, "ಇಲ್ಲವ್ವಾ, ಇನ್ನೂ ನೆಲಾ ಮುಗದಿಲ್ಲ, ಅವ ಮನಷ್ಯಾ ಭಾಳ ಸಾವಕಾಶ ಮಾಡ್ಲಿಕ್ಕೆ ಹತ್ಯಾನ," ಎಂದದ್ದು ಕೇಳಿಸಿತು.

"ಸಾವಕಾಶ ಮಾಡಿದ್ರನ ಹೊಳಪು ಬರ್ತೈತ್ರಿ ಬಾಯಿ," ಎಂದೆ ಒಳಗಿನಿಂದ.

ಅವರು ಬಾಗಿಲಿಗೆ ಬಂದರು. ಧಾರವಾಡದ ಕಡೆಯವರು. ಹೆಸರು ವಸುಧಾ. ಗಂಡನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನೌಕರಿ. "ಅಯ್ಯ! ನಮ್ಮ ಕಡಿಯವರೇನ್ರಿ? ಇಷ್ಟ್ ದಿನಾ ಹಿಂದಿಯೊಳಗ ಒದ್ದಾಡ್ತಿದ್ನಲ್ಲ ನಾನು!" ಎಂದವರು ನನ್ನ ಕೈಯ ಕಡೆ, ಬಣ್ಣ ಬಳಿದ ಗೋಡೆಯ ಕಡೆ ನೋಡಿದರು. ಅವರ ಮುಖ ಕೆಂಪಗಾಯಿತು.

"ಅದು ನಿಮ್ಮ ಕೈ ಏನ್ರಿ? ನಾ ಬರೀಬಾರದಿತ್ತು."

"ಬರದದ್ದು ಚಲೋನ ಆತ್ರಿ. ಒಂದು ಶಬ್ದ ಕಲಿತೆ," ಎಂದೆ. ನಿಜವಾಗಿಯೂ ಹಾಗೆಯೇ ಅನಿಸಿತ್ತು.

ಅವರು ಅಲ್ಲಿಯೇ ನಿಂತು ಕೆಲಸ ನೋಡಿದರು. ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಕಡೆಯ ಒರೆತ ಬಾಗಿಲಿಗೆ ದೂರದ ಮೂಲೆಯಿಂದ ಶುರುವಾಗುತ್ತದೆ. ಬಾಗಿಲಿಗೆ ಬೆನ್ನು ಮಾಡಿ, ಬಗ್ಗಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ನಮ್ಮ ಹೆಜ್ಜೆಯನ್ನು ನಾವೇ ಒರೆಸುತ್ತ ಬರಬೇಕು. ಹೊಸ್ತಿಲು ದಾಟಿದ ಮೇಲೆ ಹೊರಗಿನಿಂದ ಕೈ ಚಾಚಿ ಕಡೆಯ ಹೆಜ್ಜೆಯನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಬೇಕು, ಮತ್ತೆ ಒಳಗೆ ಕಾಲಿಡುವಂತಿಲ್ಲ. ಕಲಿಸಿದ ಉಸ್ತಾದ್ ಹೇಳುತ್ತಿದ್ದರು, ನೆಲ ಮುಗಿಯಿತು ಎಂದರೆ ಅಲ್ಲಿ ಯಾರೂ ನಿಂತೇ ಇಲ್ಲ ಅನ್ನಿಸಬೇಕು.

"ಹಿಂಗ್ಯಾಕ್ರಿ?" ವಸುಧಾ ಬಾಯಿ ಕೇಳಿದರು.

"ಮೊದಲ ಹೆಜ್ಜಿ ಮನಿ ಒಡೇರದು ಇರಬೇಕ್ರಿ."

ಅವರು ಬಹಳ ಹೊತ್ತು ಆ ನೆಲ ನೋಡಿ, "ಹಂಗಾರ ವಾಸ್ತುಶಾಂತಿಗೆ ನೀವು ಬರಲಿಕ್ಕೇ ಬೇಕು. ಹೆಂಡ್ತಿ ಮಕ್ಕಳನ್ನ ಕರಕೊಂಡು. ಕೆಲಸದವರಂತಲ್ಲ ಮತ್ತ, ಊಟಕ್ಕ," ಎಂದರು.

ಈ ಊರಿನಲ್ಲಿ ಎಷ್ಟೋ ಮನೆಯ ನೆಲಕ್ಕೆ ಹೊಳಪು ಕೊಟ್ಟಿದ್ದೆ. ಒಂದರ ಮೇಲೂ ಕುಳಿತು ಉಂಡಿರಲಿಲ್ಲ. ಮನೆಗೆ ಬಂದು ಹೇಳಿದಾಗ ಈರವ್ವ, "ನನಗ ಕೆಲಸ ಬಿಡೂದಿಲ್ಲ, ಅಪ್ಪ ಮಗಳು ಹೋಗಿ ಬರ್ರಿ," ಎಂದಳು. ನನ್ನ ಬಿಳಿ ಅಂಗಿಗೆ, ಹೆಗಲ ಟವೆಲ್ಲಿಗೆ ನೀಲಿ ಹಾಕಿ ಇಸ್ತ್ರಿ ಮಾಡಿಸಿದಳು. ನಾನು ನಿಂಬೆಹಣ್ಣಿನ ಹೋಳಿನಿಂದ ಉಗುರಿನ ಸಂದಿ ತಿಕ್ಕಿದೆ. ಕಲ್ಲಿನ ಪುಡಿ ಚರ್ಮದ ಗೆರೆಯಲ್ಲಿ ಇಳಿದಿರುತ್ತದೆ, ಅದು ಪೂರ್ತಿ ಬಿಡುವುದಿಲ್ಲ. ಇರಲಿ, ಗ್ರಬ್ಬಿ ತಾನೇ ಎಂದುಕೊಂಡೆ.

ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟರು. ಹಸಿಗಾಲಿನಲ್ಲಿ ಒಳಗೆ ಹೋದೆವು. ನಾನು ಹಿಂದಕ್ಕೆ ಸರಿದು ಬಂದಿದ್ದ ನೆಲದ ಮೇಲೆ ಮಗಳು ಮುಂದಕ್ಕೆ ನಡೆದಳು, ಕೆಳಗೆ ತನ್ನ ಮುಖ ನೋಡಿಕೊಳ್ಳುತ್ತ. "ಅಪ್ಪಾ, ಕನ್ನಡಿ ಮಾಡಿಯಲ್ಲೋ!" ಎಂದಳು. ವಸುಧಾ ಬಾಯಿ ಬಂದವರಿಗೆಲ್ಲ, "ಇವರು ಶರಣಪ್ಪಾರು. ಈ ನೆಲಾ ಇವರದ," ಎಂದು ತೋರಿಸಿದರು. ಎಲ್ಲರ ಸಾಲಿನಲ್ಲಿಯೇ ಎಲೆ ಹಾಕಿದರು. ಹೋಳಿಗೆ, ಕಟ್ಟಿನ ಸಾರು, ಮೇಲೆ ತುಪ್ಪ. ಮಾದೇವಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತು, ಇನ್ನೊಂದು ಹೋಳಿಗೆ ಬೇಕೆಂದು ತಾನೇ ಕೇಳಿ ಹಾಕಿಸಿಕೊಂಡಳು. ಅವಳು ಕೇಳಿದ ಆ ದನಿ ನನಗೆ ಊಟಕ್ಕಿಂತ ಹೆಚ್ಚು ರುಚಿಸಿತು. ಇದಕ್ಕೇ ತಾನೇ ನಾನು ಊರು ಬಿಟ್ಟಿದ್ದು.

ಕೈ ತೊಳೆದು ಬಂದೆವು. ಅವಳ ಕೈಗೆ ಬಾಳೆಹಣ್ಣು, ಎಲೆ ಅಡಿಕೆ ಕೊಟ್ಟರು. ನನಗೆ ಒಂದು ಅಂಗಿಯ ಬಟ್ಟೆ. ಮಾದೇವಿ ಮುಂದೆ ಹೋಗಿ ಹೊರಗೆ ಚಪ್ಪಲಿ ಹುಡುಕುತ್ತಿದ್ದಳು. ಕೈ ತೊಳೆಯುವಲ್ಲಿ ಮತ್ತೆ ಹಸಿಯಾದ ನನ್ನ ಕಾಲಿನ ಗುರುತು ನೆಲದ ಮೇಲೆ ಬಿದ್ದಿತ್ತು. ಅದನ್ನು ನೋಡಿದ್ದು ನೆನಪಿದೆ. ಆಮೇಲಿನದನ್ನು ನಾನು ಮಾಡಿದೆ ಎನ್ನಲಾರೆ, ನನ್ನ ಮೈ ಮಾಡಿತು. ಬಾಗಿಲಿಗೆ ಬೆನ್ನು ತಿರುಗಿಸಿದೆ. ಹೆಗಲಿನ ಟವೆಲ್ಲು ಕೈಗೆ ಬಂತು. ಬಗ್ಗಿದೆ. ಒಂದು ಹೆಜ್ಜೆ ಹಿಂದಕ್ಕೆ, ಒಂದು ಒರೆತ. ಒಂದು ಹೆಜ್ಜೆ ಹಿಂದಕ್ಕೆ, ಒಂದು ಒರೆತ. ಕುಳಿತಿದ್ದವರ ಮಾತು ನಿಂತದ್ದು ಕೂಡ ನನಗೆ ತಿಳಿಯಲಿಲ್ಲ.

"ಶರಣಪ್ಪಾರ! ಏನ್ ಮಾಡ್ಲಿಕ್ಕೆ ಹತ್ತೀರಿ? ಬಿಡ್ರಿ, ಬಿಡ್ರಿ!" ವಸುಧಾ ಬಾಯಿ ಕೂಗಿದರು.

ನಾನು ಹೊಸ್ತಿಲಿನ ಹೊರಗಿದ್ದೆ. ಮೊಣಕಾಲೂರಿ, ಒಳಗೆ ಕೈ ಚಾಚಿ, ಕಡೆಯ ಹೆಜ್ಜೆ ಒರೆಸುತ್ತಿದ್ದೆ.

ಸೋಫಾದ ಮೇಲೆ ಕುಳಿತಿದ್ದ ಹಿರಿಯರೊಬ್ಬರು ತಲೆದೂಗಿದರು. "ಇರ್ಲಿ ಬಿಡವಾ, ಮಾಡ್ಲಿ. ಹಿಂಗಿರಬೇಕು ನೋಡ್ರಿ. ಈಗಿನ ಕಾಲದಾಗ ಇಷ್ಟು ತಿಳುವಳಿಕಿ ಯಾರಿಗದ?"

ಆ ಹೊಗಳಿಕೆ ಮೈಮೇಲೆ ಕುದಿಯುವ ನೀರು ಹೊಯ್ದ ಹಾಗಾಯಿತು. ತಲೆ ಎತ್ತಿದೆ. ಮಾದೇವಿ ಪಕ್ಕದಲ್ಲಿಯೇ ನಿಂತಿದ್ದಳು, ಎರಡೂ ಕೈಯಲ್ಲಿ ಬಾಳೆಹಣ್ಣು ಹಿಡಿದು. ಅವಳು ನನ್ನ ಮುಖ ನೋಡಲಿಲ್ಲ. ಟವೆಲ್ಲು ನೋಡುತ್ತಿದ್ದಳು.

ಮಿಯಾಪುರದಿಂದ ಲಿಂಗಂಪಲ್ಲಿಯ ಬಸ್ಸಿನಲ್ಲಿ ಅವಳು ಹೆಂಗಸರ ಕಡೆ ಹೋಗಿ ಕುಳಿತಳು. ಇಳಿದ ಮೇಲೆ ನನಗಿಂತ ಮುಂದೆ ನಡೆದಳು. ಮನೆಯಲ್ಲಿ ಮಾತಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಸಂಜೆ ನಾನು ಕೆಲಸದಿಂದ ಬರುವಾಗ ಮೊದಲೆಲ್ಲ ರಸ್ತೆಯ ತುದಿಗೆ ಬಂದು ಡಬ್ಬಿಯ ಚೀಲ ಇಸಿದುಕೊಳ್ಳುತ್ತಿದ್ದಳು, ಅದೂ ನಿಂತಿತು. ನನಗೆ ಒಂದೇ ಕಾರಣ ಹೊಳೆಯಿತು. ಎಲ್ಲರ ಸಾಲಿನಲ್ಲಿ ಕುಳಿತು ಉಣ್ಣುವಾಗ ಬೇರೆಯವರ ಕೈ ನೋಡಿದ್ದಾಳೆ, ನನ್ನ ಕೈ ನೋಡಿದ್ದಾಳೆ. ಶಾಲೆಯಲ್ಲಿ ಅವಳ ಗೆಳತಿಯರ ಅಪ್ಪಂದಿರ ಕೈ ಹೇಗಿರುತ್ತವೋ. ನಲ್ಲಿಯ ಹತ್ತಿರ ಕುಳಿತು ಸೀಮೆ ಎಣ್ಣೆ ಹಚ್ಚಿ, ಇಟ್ಟಂಗಿಯ ತುಂಡಿನಿಂದ ತಿಕ್ಕಿದೆ. ಚರ್ಮ ಕಿತ್ತು ರಕ್ತ ಬಂತು. ಈರವ್ವ ಕೈಯಿಂದ ಇಟ್ಟಂಗಿ ಕಸಿದು ಎಸೆದಳು.

"ಏನ್ ಗಂಡಸೋ ಏನೋ. ಮಗಳ ಸಂಗಾಟ ಮಾತಾಡಾಕ ಬಾಯಿಲ್ಲ, ಕೈ ಕೆರಕೊಳ್ಳಾಕ ಬರ್ತೈತಿ. ಹೋಗು, ಕೇಳು."

ಕೇಳಿದೆ. ಅವಳು ಆ ಹರಕು ನಿಘಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಏನೋ ಬರೆಯುತ್ತಿದ್ದಳು.

"ಮಾದೇವಿ, ನನ್ನ ಕೈ ನೋಡಿ ನಾಚಿಕಿ ಆತೇನವಾ?"

"ಕೈಗ್ಯಾಕ ನಾಚಲಿ?" ಅವಳು ತಲೆ ಎತ್ತಲಿಲ್ಲ. "ಕೈ ಗ್ರಬ್ಬಿ ಇದ್ರ ಇರ್ಲಿ, ತೊಳಕೊಂಡ್ರ ಆತು. ನೀ ಯಾಕ ಒರಸಿದಿ?"

"ಅದು ಕೆಲಸದ ರೂಢಿ ಅಲ್ಲವಾ. ಉಸ್ತಾದ್ ಕಲಿಸಿದ್ದು."

"ಕೆಲಸಕ್ಕ ಹೋಗಿದ್ವೇನು ನಾವು? ಉಣ್ಣಾಕ ಹೋಗಿದ್ವಿ." ಈಗ ನನ್ನ ಕಡೆ ನೋಡಿದಳು, ಕಣ್ಣು ತುಂಬಿದ್ದವು. "ಆಯಿ ಹಂಗ ಮಾಡ್ತಿದ್ಲು, ನಿಮ್ಮವ್ವ. ಗೌಡರ ಮನಿ ಕಟ್ಟಿ ಕೆಳಗ ಕುಂತು ಎದ್ದ ಮ್ಯಾಲೆ ಸೆರಗಿಲೆ ಒರಸಿ ಬರ್ತಿದ್ಲು. ನಾ ಸಣ್ಣಾಕಿದ್ದಾಗ ಯಾಕ ಅಂತ ಕೇಳಿದ್ದಕ್ಕ, ನಾವು ಕುಂತ ಜಾಗ ಉಳೀಬಾರದವ್ವಾ ಅಂದಿದ್ಲು. ನೀನೂ ಅದನ್ನ ಮಾಡಿದಿ. ಅವರು ಒಬ್ಬರೂ ನಿನಗ ಒರಸು ಅಂದಿರಲಿಲ್ಲಪ್ಪಾ. ಒಬ್ಬರೂ ಅಂದಿರಲಿಲ್ಲ."

ಉಸ್ತಾದರು ಕಲಿಸಿದ್ದು ನಿಜ. ಆದರೆ ಬೇರೆಯವರು ತಿಂಗಳುಗಟ್ಟಲೆ ಕಲಿತದ್ದನ್ನು ನಾನು ಒಂದೇ ದಿನದಲ್ಲಿ ಕಲಿತಿದ್ದೆ. "ತೇರೇಕು ತೋ ಪೆಹಲೇಸೇ ಆತಾ ರೇ," ಎಂದು ಅವರೇ ಬೆರಗಾಗಿದ್ದರು. ನಿನಗೆ ಮೊದಲೇ ಬರುತ್ತದಲ್ಲ ಎಂದು. ಅಂದು ಅದನ್ನು ಶಹಭಾಸ್‌ಗಿರಿ ಎಂದು ತಿಳಿದು ಎದೆ ಉಬ್ಬಿಸಿದ್ದೆ. ಯಾರು ಮೊದಲು ಕಲಿಸಿದ್ದರು ಎಂದು ಈಗ ಗೊತ್ತಾಯಿತು. ರೈಲು ಹತ್ತಿ ಬರುವಾಗ ಗೌಡರ ಕಟ್ಟೆ, ಹೋಟೆಲಿನ ಗೂಡು ಎಲ್ಲ ಅಲ್ಲಿಯೇ ಬಿಟ್ಟು ಬಂದೆ ಎಂದುಕೊಂಡಿದ್ದೆ. ಮೊಣಕಾಲಿನಲ್ಲಿ, ಬೆನ್ನಿನಲ್ಲಿ ಹೊತ್ತುಕೊಂಡೇ ಬಂದಿದ್ದೆ. ನನ್ನ ಮೇಲೆ ನನಗೆ ಬಂದ ನಾಚಿಕೆಗೆ ಕನ್ನಡದಲ್ಲಿಯೂ ಶಬ್ದ ಸಿಗಲಿಲ್ಲ, ಆ ದಪ್ಪ ಪುಸ್ತಕದಲ್ಲಿಯೂ ಇರಲಿಕ್ಕಿಲ್ಲ.

"ಶಾಲ್ಯಾಗ ಪಾಲಕರ ಸಭಾ ಐತಿ," ಎಂದಳು ನಿಘಂಟು ಮುಚ್ಚುತ್ತ. "ಬರೂದಾದ್ರ ಟವೆಲ್ ಬಿಟ್ಟು ಬಾ. ಇಲ್ಲಂದ್ರ ಅವ್ವನ್ನ ಕರಕೊಂಡು ಹೋಗ್ತೀನಿ."

ಟವೆಲ್ಲು ಬಿಟ್ಟೆ. ಇಪ್ಪತ್ತು ವರ್ಷ ಟವೆಲ್ಲು ಹೊತ್ತ ಹೆಗಲು ಅಂದು ಖಾಲಿಯಾಗಿ, ಅಂಗಿಯೇ ಇಲ್ಲದವನ ಹಾಗೆ ಅನಿಸುತ್ತಿತ್ತು. ಅಂದು ಮಳೆ ಬೇರೆ. ಲಿಂಗಂಪಲ್ಲಿಯ ರಸ್ತೆಯ ಕೆಂಪು ಕೆಸರೆಲ್ಲ ನನ್ನ ಚಪ್ಪಲಿಗೆ. ಶಾಲೆಯ ಬಾಗಿಲಲ್ಲಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಒಳಗೆ ಉದ್ದನೆಯ ಪಡಸಾಲೆ, ತಿಳಿ ಬಣ್ಣದ ಕಲ್ಲು, ಯಾರೋ ನಮ್ಮಂಥವರೇ ಚೆನ್ನಾಗಿ ತೀಡಿದ್ದು. ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದೆ. ನಾಲ್ಕೂ ಕೆಂಪಗೆ ಬಿದ್ದಿದ್ದವು. ಕೈ ತಾನಾಗಿಯೇ ಹೆಗಲಿಗೆ ಹೋಯಿತು.

ಅಲ್ಲಿ ಏನೂ ಇರಲಿಲ್ಲ. ಮಾದೇವಿ ಅದನ್ನು ನೋಡಿದಳು. ಆ ಕೈಯನ್ನೇ ಹಿಡಿದುಕೊಂಡಳು, ಇನ್ನೂ ಮಾಯದ ಗಾಯ ತಾಗುವ ಹಾಗೆ, ಗಟ್ಟಿಯಾಗಿ. ಎಷ್ಟೋ ದಿನದ ಮೇಲೆ. "ಬಾ ಅಪ್ಪಾ. ಮುಂದ ನೋಡಿ ನಡಿ."

ನಡೆದೆ. ಗೆಳತಿಯರು ನೋಡುತ್ತಿದ್ದರು, ಟೀಚರ್ ಬಾಗಿಲಲ್ಲಿ ನಿಂತಿದ್ದರು, ಅವಳು ಕೈ ಬಿಡಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಬಕೆಟ್ಟಿನ ಸಪ್ಪಳ ಕೇಳಿತು. ಶಾಲೆಯ ಆಯಾ, ನಮ್ಮವ್ವನಷ್ಟು ವಯಸ್ಸಿನಾಕೆ, ಹಸಿ ಬಟ್ಟೆ ಹಿಡಿದು ನನ್ನ ಹೆಜ್ಜೆಯ ಮೇಲೆ ಬಗ್ಗಿದ್ದಳು. ನಾನು ನಿಂತುಬಿಟ್ಟೆ.

"ಛೇ, ಬಿಡವ್ವಾ. ನಾ ಒರಸ್ತೀನಿ," ಎಂದೆ. ಗಾಬರಿಯಲ್ಲಿ ಬಾಯಿಗೆ ಕನ್ನಡವೇ ಬಂತು.

ಅವಳು ತಲೆ ಎತ್ತಿದಳು. ಮುಖ ಅರಳಿತು. "ಯಪ್ಪಾ, ನಮ್ಮ ಕಡಿಯವ ಏನೋ? ಯಾವೂರು? ನಂದು ಸೇಡಮ್ ಹತ್ರ."

"ಚಿತ್ತಾಪುರ ಕಡೀದು."

"ಬಾಜೂಕಿಂದ ಆತಲ್ಲ. ಮಗಳು ಇಲ್ಲೇ ಓದತಾಳೇನು? ಹೋಗಪ್ಪಾ, ಹೋಗು, ಚಲೋ ಮಗಳು. ಒರಸೂದು ನನ್ನ ಕೆಲಸ, ನೀ ನಡಿ."

ಮಾದೇವಿ ಕೈ ಎಳೆಯುತ್ತಿದ್ದಳು. ಈಗ ನಾನು ಹಿಂದಕ್ಕೆ ಸರಿದು ಆ ಮುದುಕಿಯ ಪಕ್ಕದಲ್ಲಿ ಮೊಣಕಾಲೂರಿದರೆ ಮಗಳನ್ನು ಕಳೆದುಕೊಳ್ಳುತ್ತೇನೆ. ಊರದಿದ್ದರೆ, ನಮ್ಮವ್ವನಂಥ ನಮ್ಮ ಸೀಮೆಯ ಒಬ್ಬಳು ಹೆಂಗಸು ನನ್ನ ಹೆಜ್ಜೆ ಒರೆಸುತ್ತಾಳೆ.

ಮಗಳ ಜೊತೆ ಮುಂದಕ್ಕೆ ನಡೆದೆ. ಇಂದಿಗೂ ಈ ಊರಿನ ಯಾವುದೇ ಹೊಳೆಯುವ ನೆಲದ ಮೇಲೆ ನಾನು ಹಾಗೆಯೇ ನಡೆಯುತ್ತೇನೆ, ಕುತ್ತಿಗೆ ನೆಟ್ಟಗೆ ಮಾಡಿ, ಖಾಲಿ ಹೆಗಲಿನಲ್ಲಿ. ತಿರುಗಿ ನೋಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಆದರೆ ಕಿವಿಯಿಂದ ಯಾರೂ ಮಾತು ತೆಗೆದುಕೊಂಡಿಲ್ಲ. ಅಂದು ಟೀಚರ್ ಮುಂದೆ ಕುಳಿತು ಅವಳ ಹೊಗಳಿಕೆ ಕೇಳುವಾಗಲೂ ನಾನು ಕೇಳುತ್ತಿದ್ದದ್ದು ಹೊರಗಿನ ಆ ಹಸಿ ಬಟ್ಟೆಯ ಸಪ್ಪಳವನ್ನೇ. ಬಾಗಿಲ ಕಡೆಯಿಂದ ಶುರುವಾಗಿ, ಒಂದೊಂದೇ ಹೆಜ್ಜೆಯಾಗಿ, ಅದು ನನ್ನ ಕುರ್ಚಿಯ ಹತ್ತಿರ ಬರುತ್ತಿತ್ತು.